ಗುಳಿಗೆ ನಿಲ್ಲಿಸಿದ ಮೇಲೆ

ಅಂದು ಏಕಾದಶಿ. ನನ್ನ ಗಂಡ ಸ್ನಾನ ಮುಗಿಸಿ ಬಂದು, "ಸುಮತಿ, ಇಡ್ಲಿ ಆಯ್ತಾ?" ಎಂದರು. ತಮಾಷೆ ಎಂದುಕೊಂಡೆ. ಡೊಂಬಿವಲಿ ಸ್ಟೇಷನ್ ಹತ್ತಿರ ಜೀವಮಾನವೆಲ್ಲ ಹೋಟೆಲ್ ನಡೆಸಿದವರು. ಊರಿಗೆಲ್ಲ ಇಡ್ಲಿ ಬಡಿಸಿದರೂ ಏಕಾದಶಿಯಂದು ತಾವು ನೀರು ಬಿಟ್ಟು ಬೇರೇನೂ ಮುಟ್ಟಿದವರಲ್ಲ. ಜ್ವರ ಬಂದಾಗಲೂ ಅಷ್ಟೇ.

"ಇವತ್ತು ಏಕಾದಶಿ ಅಲ್ವಾ?"

"ಹಾಗಂದ್ರೆ?" ಎಂದರು.

ತಮಾಷೆಯಲ್ಲ ಎಂದು ಆಗ ಗೊತ್ತಾಯಿತು.

ಪಕ್ಕದ ಠಾಣೆ ನಗರದ ನ್ಯೂರಾಲಜಿಸ್ಟ್ ಎಂಆರ್‌ಐ, ಬ್ಲಡ್ ಟೆಸ್ಟ್ ಎಲ್ಲ ಮಾಡಿಸಿ ಅಲ್ಝೈಮರ್ ಎಂದರು. ಮೆದುಳಿನ ಒಂದು ಜೀವಕೋಶದ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸುವ ಅಸಿಟೈಲ್‌ಕೊಲಿನ್ ಎಂಬ ರಾಸಾಯನಿಕ ಇವರಲ್ಲಿ ಕಡಿಮೆಯಾಗುತ್ತಿದೆಯಂತೆ. ನನಗೆ ಅರ್ಥವಾದದ್ದು ಹೋಟೆಲಿನವಳ ರೀತಿಯಲ್ಲಿ: ಅಡುಗೆಮನೆ ಇದೆ, ಗಿರಾಕಿಗಳಿದ್ದಾರೆ, ಆರ್ಡರ್ ಒಯ್ಯುವ ವೇಟರುಗಳು ಒಬ್ಬೊಬ್ಬರಾಗಿ ಕೆಲಸ ಬಿಡುತ್ತಿದ್ದಾರೆ. ಡಾಕ್ಟರು ಬರೆದುಕೊಟ್ಟ ಗುಳಿಗೆ ಹೊಸಬರನ್ನು ತರುವುದಿಲ್ಲ, ಇದ್ದವರನ್ನು ಸ್ವಲ್ಪ ಹೊತ್ತು ಹೆಚ್ಚು ನಿಲ್ಲಿಸಿಕೊಳ್ಳುತ್ತದೆ.

ಕೆಲವು ವಾರಗಳಲ್ಲಿ ತುಸು ಚೇತರಿಸಿಕೊಂಡರು. ಏಕಾದಶಿ ನೆನಪಾಗಲಿಲ್ಲ. ಆದರೆ ಗುಳಿಗೆ ಶುರುವಾಗುವ ಹೊತ್ತಿಗೆ ತಪ್ಪಿಹೋಗಿದ್ದ "ಸುಮತಿ" ಮತ್ತೆ ಬಾಯಿಗೆ ಬಂತು. ಆಸೆಗೆ ಕೊನೆಯುಂಟೇ? ಇನ್ನಷ್ಟು ಬರುತ್ತದೆಂದು ಕಾದೆ.

ಒಂದು ಬೆಳಿಗ್ಗೆ ಬಾತ್‌ರೂಮಿನ ಬಾಗಿಲಲ್ಲೇ ಕುಸಿದುಬಿದ್ದರು.

ಇಸಿಜಿ ನೋಡಿದ ಡಾಕ್ಟರು, ನಾಡಿ ತೀರಾ ನಿಧಾನವಾಗಿದೆ, ಗುಳಿಗೆ ನಿಲ್ಲಿಸಲೇಬೇಕು ಎಂದರು. ಮೆದುಳಿನಲ್ಲಿ ಸುದ್ದಿ ಒಯ್ಯುವ ಅದೇ ರಾಸಾಯನಿಕ ಹೃದಯಕ್ಕೆ "ನಿಧಾನ" ಎಂದೂ ಹೇಳುತ್ತದಂತೆ.

"ನಿಲ್ಲಿಸಿದರೆ ನನ್ನ ಹೆಸರು?" ಎಂದು ಕೇಳಿಯೇಬಿಟ್ಟೆ.

"ಅಮ್ಮ, ಬಂದ್ ಮಾಡುವ. ಅಪ್ಪ ಇದ್ರೆ ಸಾಕಲ್ಲ," ಎಂದ ಮಗ ಪ್ರಶಾಂತ. ಹೇಳುವುದು ಸುಲಭ ಎಂದು ಅವನ ಮೇಲೆ ರೇಗಿದೆ. ಅವನ ಹೆಸರೂ ಅದೇ ಗುಳಿಗೆಯ ಆಸರೆಯಲ್ಲಿತ್ತು ಎಂಬುದು ಆಮೇಲೆ ಹೊಳೆಯಿತು.

ಒಪ್ಪಿದೆ. ನಾಡಿ ಸರಿಹೋಯಿತು, ದೇವರು ದೊಡ್ಡವನು. ಆದರೆ ತಿಂಗಳು ತುಂಬುವ ಮೊದಲೇ ಎರಡೂ ಹೆಸರು ಹೋದವು. ಅಡುಗೆಮನೆಯಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತೆ.

ಮೊನ್ನೆ ಮಾರ್ಕೆಟ್‌ನಿಂದ ಬಂದು ತರಕಾರಿ ಚೀಲ ಕೆಳಗಿಟ್ಟೆ. ಅವರು ಎದ್ದು, ಹೆಗಲ ಮೇಲಿನ ಟವೆಲಿನಿಂದ ಟೇಬಲ್ ಒರೆಸಿ, ಲೋಟದಲ್ಲಿ ನೀರಿಟ್ಟರು.

"ಯಾ, ಬಸಾ. ಕಾಯ್ ದೇವೂ?"

ಬನ್ನಿ, ಕೂತುಕೊಳ್ಳಿ, ಏನು ಕೊಡಲಿ ಎಂಬ ಮರಾಠಿ. ಗಿರಾಕಿಗಳೊಡನೆ ಆಡುತ್ತಿದ್ದ ಮಾತು. ಮದುವೆಯಾದಂದಿನಿಂದ ಅವರಿಗೆ ಬಡಿಸಿದವಳು ನಾನು. ಒಮ್ಮೆಯೂ ನನ್ನನ್ನು ಕೂರಿಸಿ ಹೀಗೆ ಕೇಳಿದವರಲ್ಲ.

ಕೂತು ನೀರು ಕುಡಿದೆ. "ನೀವೂ ಕೂತ್ಕೊಳ್ಳಿ," ಎಂದೆ.

ಎದುರಿಗೆ ಕೂತರು. ನೀವು ಯಾರು ಎಂದು ಅವರು ಕೇಳಲಿಲ್ಲ. ನಾನೂ ಹೇಳಲು ಹೋಗಲಿಲ್ಲ.