ಪಿಳ್ಳಪ್ಪನ ಬೆಕ್ಕಿನ ಬುದ್ಧಿ ಪರೀಕ್ಷೆ

ಜಕ್ಕೂರು ಹಳೇ ಊರಿನ ಮುನಿವೆಂಕಟಮ್ಮನಿಗೆ ಒಂದು ಬೆಕ್ಕಿನ ಮೇಲೆ ಹೊಟ್ಟೆಕಿಚ್ಚು ಬಂತು ಎಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ಓರಗಿತ್ತಿಯ ಮನೆಯ ಮೇಲೆ ಮಹಡಿ ಎದ್ದಾಗ, ತಂಗಿಯ ಮಗಳಿಗೆ ದೊಡ್ಡ ಸಂಬಂಧ ಕುದುರಿದಾಗ ಹೊಟ್ಟೆ ಉರಿದುಕೊಳ್ಳದ ಹೆಂಗಸು ಅವಳು. ತಾವು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಬಂದು, ಅದರ ಬಾಲ್ಕನಿಯಲ್ಲಿ ಯಾರೋ ಕಾಫಿ ಕುಡಿಯುತ್ತ ನಿಂತಿದ್ದನ್ನು ಕಂಡಾಗಲೂ, ಕುಡೀಲಿ ಬಿಡು ಅಂದಿದ್ದವಳು. ಅಂಥವಳ ಹೊಟ್ಟೆಗೆ ಬೆಂಕಿ ಹಾಕಿದ್ದು ಮನೆ ಕೆಳಗಿನ ಪಾರ್ಕಿಂಗಿಗೆ ಎಲ್ಲಿಂದಲೋ ಬಂದು ಸೇರಿಕೊಂಡ ಒಂದು ಬೂದು ಪಟ್ಟೆಯ ಹೆಣ್ಣುಬೆಕ್ಕು.

ಅದಕ್ಕೆ ಕಾರಣ ಇತ್ತು. ಗಂಡ ಪಿಳ್ಳಪ್ಪ ಹಿಂದಿನಿಂದಲೂ ತನ್ನ ಮಾತನ್ನೆಲ್ಲ ಹಸುಗಳ ಹತ್ತಿರ ಆಡಿ ಮುಗಿಸುತ್ತಿದ್ದವನು. ಹಾಲು ಕರೆಯುತ್ತ ಊರಿನ ಸುದ್ದಿಯನ್ನೆಲ್ಲ ಹಸುವಿಗೆ ಹೇಳುವನು; ಮನೆಯೊಳಗೆ ಬಂದರೆ ಬಾಯಿಗೆ ಬೀಗ. ಮುನಿವೆಂಕಟಮ್ಮನಿಗೆ ಏನಾದರೂ ತಿಳಿಯಬೇಕಿದ್ದರೆ ಕೊಟ್ಟಿಗೆ ಗೋಡೆಗೆ ಕಿವಿ ಕೊಡಬೇಕಿತ್ತು. ಹಸು ಹಾಲು ಕೊಡುತ್ತದೆ, ಬದಲಿಗೆ ನಾಲ್ಕು ಮಾತು ತಗೊಳ್ಳಲಿ ಎಂದು ಅವಳು ಸುಮ್ಮನಿದ್ದಳು. ಆಮೇಲೆ ಕೊಟ್ಟಿಗೆ ಕೆಡವಿ ಮೇಲೆ ಬಾಡಿಗೆ ಮನೆ, ಕೆಳಗೆ ಪಾರ್ಕಿಂಗ್ ಕಟ್ಟಿಸಿದರು. ಹಸುಗಳು ಹೋದವು. ಇನ್ನು ಈ ಮನುಷ್ಯನ ಮಾತೆಲ್ಲ ನನ್ನ ಪಾಲಿಗೇ ಎಂದು ಅವಳು ಕಾದು ಕೂತಳು. ಅಷ್ಟರಲ್ಲಿ ಬೆಕ್ಕು ಬಂತು.

ಪಿಳ್ಳಪ್ಪ ಪಾರ್ಕಿಂಗ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಂಟೆಗಟ್ಟಲೆ ಮಾತಾಡತೊಡಗಿದ. ಕೆರೆ ಏರಿಯ ಮೇಲೆ ಕಂಡವರ ಸುದ್ದಿ, ನೆತ್ತಿಯ ಮೇಲೆ ಗುಂಯ್ ಎನ್ನುವ ಫ್ಲೈಯಿಂಗ್ ಕ್ಲಬ್ ವಿಮಾನದ ಮೇಲಿನ ಸಿಟ್ಟು, ಎಲ್ಲ ಅದಕ್ಕೆ. ಗಂಡನಿಗೆ ಮಂಡಿ ನೋವಿದೆ ಎಂಬುದು ಮುನಿವೆಂಕಟಮ್ಮನಿಗೆ ತಿಳಿದದ್ದೇ ಕಿಟಕಿಯ ಹಿಂದೆ ನಿಂತು ಕದ್ದು ಕೇಳಿದಾಗ.

“ಉಂಡ್ಯಾ? ಸಾರು ಎಂಗಿತ್ತು? ಇವತ್ತು ಉಪ್ಪು ಒಂಚೂರು ಮುಂದಾಗಿತ್ತು, ಅಲ್ವಾ?” ಎಂದು ಅವನು ಬೆಕ್ಕನ್ನು ಕೇಳಿದ ದಿನ ಅವಳ ಮೈಯೆಲ್ಲ ಉರಿದುಹೋಯಿತು. ಸಾರು ಮಾಡಿದವಳು ಅವಳು. ಉಪ್ಪು ಹೆಚ್ಚೋ ಕಮ್ಮಿಯೋ ಎಂಬ ಒಂದು ಮಾತು ಇಷ್ಟು ವರ್ಷದ ಸಂಸಾರದಲ್ಲಿ ಅವಳ ತನಕ ಬಂದಿರಲಿಲ್ಲ. ಅಂದಿನಿಂದ ಬೆಕ್ಕಿಗೆ ಹಾಕುವ ಅನ್ನವನ್ನು ಅವಳು ತಟ್ಟೆಗೆ ಬಡಿದು ಹಾಕುತ್ತಿದ್ದಳು.

ಹೀಗಿರುವಾಗ ಒಂದು ಭಾನುವಾರ ಸೊಸೆ ರಮ್ಯ ಮೊಬೈಲ್ ಹಿಡಿದುಕೊಂಡು ಬಂದಳು. “ಅತ್ತೆ, ಇಲ್ನೋಡಿ. ಬೆಕ್ಕಿಗೆ ಎಷ್ಟು ಬುದ್ಧಿ ಇದೆ ಅಂತ ಮನೇಲೇ ಟೆಸ್ಟ್ ಮಾಡ್ಬಹುದಂತೆ. ಮೂರೇ ಟೆಸ್ಟು. ಮಾಡೋಣ್ವಾ?”

“ಪೇಲ್ ಆದ್ರೆ?” ಎಂದಳು ಮುನಿವೆಂಕಟಮ್ಮ.

“ಫೇಲ್ ಆದ್ರೆ ಏನಿಲ್ಲ. ದಡ್ಡ ಬೆಕ್ಕು, ಅಷ್ಟೇ.”

“ಅಂಗಂದ್ರೆ ಎಂಗೆ? ದಡ್ಡ ಬೆಕ್ಕಿಗೆ ನಮ್ಮನೇಲಿ ಯಾಕೆ ಕೂಳು? ಪೇಲ್ ಆದ್ರೆ ಎಸರಘಟ್ಟದಾಗೆ ನನ್ ತಮ್ಮನ ಮನೆಗೆ ಕಳ್ಸಾದು. ಅಲ್ಲಿ ಡೈರಿ ಐತೆ, ಬೇಕಾದಷ್ಟು ಇಲಿ ಅವೆ. ಏನಂತೀಯಯ್ಯಾ?”

ಪಿಳ್ಳಪ್ಪ ಬೆಕ್ಕಿನ ಕತ್ತು ಕೆರೆಯುತ್ತ, “ಆಗ್ಲಿ. ಅದೇನ್ ಪೇಲಾಗಾಕಿಲ್ಲ ಬುಡು,” ಎಂದ.

ಆ ನಂಬಿಕೆ ನೋಡಿ ಅವಳಿಗೆ ಇನ್ನಷ್ಟು ಉರಿಯಿತು. ಹಿಂದೊಮ್ಮೆ ಅವಳು ಹಾಲಿನ ಸೊಸೈಟಿ ಚುನಾವಣೆಗೆ ನಿಂತಿದ್ದಾಗ, ಗೆಲ್ತೀಯ ಬುಡು ಎಂದು ಈ ಬಾಯಿಂದ ಒಂದು ಮಾತು ಬಂದಿರಲಿಲ್ಲ. ಈ ಬೆಕ್ಕನ್ನು ಇವತ್ತೇ ಸಾಗಹಾಕಬೇಕೆಂದು ಅವಳು ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು.

ಮೊದಲ ಪರೀಕ್ಷೆ ಬೆಕ್ಕಿನ ತಲೆ ಮೇಲೆ ಬಟ್ಟೆ ಹೊದಿಸುವುದು. ಬುದ್ಧಿವಂತ ಬೆಕ್ಕಾದರೆ ಬೇಗ ಬಿಡಿಸಿಕೊಂಡು ಬರಬೇಕು. ರಮ್ಯ ತೆಳುವಾದ ಟವಲ್ ತರಲು ಹೋದರೆ, ಅಷ್ಟರಲ್ಲಿ ಮುನಿವೆಂಕಟಮ್ಮ ಹಳೇ ಕಂಬಳಿಯನ್ನೇ ತಂದು ಅದರ ಮೇಲೆ ಕವುಚಿಬಿಟ್ಟಳು. ಬೆಕ್ಕು ಈಚೆಗೆ ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಎತ್ತಿ ನೋಡಿದರೆ ಮುದುರಿಕೊಂಡು ನಿದ್ದೆ ಹೋಗಿತ್ತು.

“ಒಂದು ಓಯ್ತು,” ಎಂದಳು ಮುನಿವೆಂಕಟಮ್ಮ.

“ಬೆಚ್ಚಗೆ ಮಲಗಾಕೆ ಸಿಕ್ಕದ್ಮೇಲೆ ಈಚೆಗೆ ಯಾಕೆ ಬರ್ಬೇಕು? ಅದೇ ಬುದ್ಧಿ,” ಎಂದ ಪಿಳ್ಳಪ್ಪ. ಬೆಕ್ಕಿನ ಪರವಾಗಿ ವಾದ ಮಾಡಲು ಅವನಿಗೆ ಬಾಯಿ ಎಲ್ಲಿಂದ ಬಂತೋ.

ಎರಡನೆಯದಕ್ಕೆ ಮೂರು ಬಟ್ಟಲು ಬೋರಲು ಹಾಕಿ ಒಂದರ ಕೆಳಗೆ ಒಣಮೀನಿನ ಚೂರು ಬಚ್ಚಿಡಬೇಕು. ಇಡುವ ಕೆಲಸ ತನ್ನದೇ ಎಂದು ಮುನಿವೆಂಕಟಮ್ಮ ಮುಂದೆ ಬಂದಳು. ಬಟ್ಟಲು ಮುಚ್ಚಿದ ಹಾಗೆ ಮಾಡಿ, ಮೀನನ್ನು ಮೆಲ್ಲಗೆ ಸೊಂಟದ ಮಡಿಕೆಗೆ ಸೇರಿಸಿದಳು. ಬೆಕ್ಕು ಬಟ್ಟಲುಗಳನ್ನು ಮೂಸಿಯೂ ನೋಡಲಿಲ್ಲ. ನೆಟ್ಟಗೆ ಬಂದು ಅವಳ ಎದುರು ಕೂತು, ಮುಂಗಾಲೆತ್ತಿ ಸೊಂಟದ ಮೇಲಿಟ್ಟಿತು. ರಮ್ಯ ಬಾಯಿಗೆ ಕೈ ಅಡ್ಡ ಹಿಡಿದಳು. ಪಿಳ್ಳಪ್ಪ ಮೀಸೆಯಡಿಯಲ್ಲಿ ನಕ್ಕದ್ದು ಅವಳಿಗೆ ಕಾಣಿಸಿತು. ಬೆಕ್ಕಿನ ಎದುರು ಕಳ್ಳಿಯಾದ ಅವಮಾನಕ್ಕೆ ಅವಳ ಕಿವಿ ಬಿಸಿಯಾಯಿತು.

ಉಳಿದದ್ದು ಹೆಸರಿನ ಪರೀಕ್ಷೆ. ಸುಮ್ಮನೆ ಏನೇನೋ ಮಾತಾಡುತ್ತ ನಡುವೆ ಅದರ ಹೆಸರು ಹೇಳಬೇಕು, ಬೆಕ್ಕು ತಿರುಗಿ ನೋಡಬೇಕು. ರಮ್ಯ ಅದಕ್ಕೆ ಮಿಂಚು ಎಂದು ಹೆಸರಿಟ್ಟಿದ್ದಳು. “ಟೊಮೆಟೊ, ಚಪ್ಪಲಿ, ಛತ್ರಿ, ಮಿಂಚು,” ಎಂದಳು. ಬೆಕ್ಕು ಬಾಲ ನೆಕ್ಕುತ್ತ ಕೂತಿತ್ತು. ಮತ್ತೆ ಕರೆದಳು, ಮುದ್ದು ಮಾಡಿ ಕರೆದಳು. ಬೆಕ್ಕಿಗೆ ಬಾಲವೇ ಹೆಚ್ಚಾಯಿತು.

ಮುನಿವೆಂಕಟಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. “ಮೂರರಾಗೆ ಎರಡು ಓಯ್ತು, ಮುಗೀತಲ್ಲ. ನಾನು ಬುಟ್ಟಿ ತತ್ತೀನಿ,” ಎನ್ನುತ್ತ ಒಳಗೆ ಹೋದಳು. ಅಟ್ಟದ ಮೇಲಿದ್ದ ಮುಚ್ಚಳದ ಬುಟ್ಟಿಯನ್ನು ಇಳಿಸಿ, ದಾರ ಹುಡುಕುತ್ತಿದ್ದಳು.

ಹೊರಗೆ ರಮ್ಯ, “ಮಾವ, ಒಂದ್ಸಲ ನೀವು ಕರೀರಿ. ನೀವು ಏನಂತ ಕರೀತೀರೋ ಹಂಗೇ,” ಎಂದಳು.

ಪಿಳ್ಳಪ್ಪ ಸೊಸೆಯ ಮುಂದೆ ನಾಚಿಕೊಂಡು ಗೋಡೆ ಕಡೆ ಮುಖ ತಿರುಗಿಸಿ ಕರೆದ: “ಇವ್ಳೇ.”

“ಆಂ, ಬಂದೆ,” ಎಂದು ಮುನಿವೆಂಕಟಮ್ಮ ಬುಟ್ಟಿ ಸಮೇತ ಹೊರಗೆ ಓಡಿ ಬಂದಳು. ಅವಳು ಬರುವಷ್ಟರಲ್ಲಿ ಬೆಕ್ಕು ಬಂದು ಅವನ ತೊಡೆ ಏರಿ ಆಗಿತ್ತು.

ರಮ್ಯ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆಯ ಮುಖ ನೋಡಿದ ಮೇಲೆ ನಗು ನಿಲ್ಲಿಸಿದಳು.

ಆ ತಲೆಮಾರಿನವರು ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದಿಲ್ಲ. ಮದುವೆಯಾಗಿ ಬಂದ ದಿನದಿಂದ ಅವಳು ಪಿಳ್ಳಪ್ಪನಿಗೆ ಇವ್ಳೇ. ಊರಿಗೆ ಅವಳು ಮುನಿವೆಂಕಟಮ್ಮ, ಸೊಸೆಗೆ ಅತ್ತೆ, ಬಾಡಿಗೆಯವರಿಗೆ ಓನರ್ ಆಂಟಿ. ಆ ಹೆಸರುಗಳಿಂದ ಯಾರು ಬೇಕಾದರೂ ಕರೆಯಬಹುದಿತ್ತು. ಇವ್ಳೇ ಎಂದರೆ ಮಾತ್ರ ಅವಳೊಬ್ಬಳೇ ತಿರುಗುತ್ತಿದ್ದಳು. ಗಂಡನ ಬಾಯಿಂದ ಅವಳಿಗೆ ಸಿಕ್ಕ ಮಾತೆಂದರೆ ಅದೊಂದೇ. ಅದನ್ನೂ ಬೆಕ್ಕಿಗೆ ಕೊಟ್ಟಿದ್ದ.

“ಪಾಸಾಯ್ತು ಬುಡು,” ಎಂದು ಬುಟ್ಟಿಯನ್ನು ಅಲ್ಲೇ ಇಟ್ಟು ಅವಳು ಒಳಗೆ ಹೋದಳು. ಆ ದಿನವೆಲ್ಲ ಯಾರ ಜೊತೆಯೂ ಮಾತಾಡಲಿಲ್ಲ.

ರಮ್ಯ ಮಾವನಿಗೆ ಬುದ್ಧಿ ಹೇಳಿದಳು. “ಅತ್ತೆಗೂ ಒಂದು ಹೆಸರಿದೆಯಲ್ಲ ಮಾವ. ಹೆಸರು ಹಿಡಿದು ಕರೀರಿ, ಸರಿಹೋಗ್ತಾರೆ.” ಮಾರನೇ ದಿನ ಊಟಕ್ಕೆ ಕೂತ ಪಿಳ್ಳಪ್ಪ ಗಂಟಲು ಸರಿಮಾಡಿಕೊಂಡು, ಸಿಲಿಂಡರ್ ತಂದವನು ಗೇಟಿನಲ್ಲಿ ನಿಂತು ಕೂಗುವ ಹಾಗೆ, “ಮುನಿವೆಂಕಟಮ್ಮಾ,” ಎಂದ.

ಅವಳು ಸೌಟು ಹಿಡಿದು ಬಂದಳು. “ಯಾರ್ನ ಕರ್ದಿದ್ದು?”

“ನಿನ್ನೇ.”

“ಎಸ್ರು ಇಡ್ದು ಕರ್ಯಾಕೆ ನಾನೇನ್ ಪಕ್ಕದ್ಮನೆಯೋಳಾ?” ಎಂದಳು. ಅಷ್ಟಕ್ಕೇ ಬಿಡಲಿಲ್ಲ. “ನೋಡಯ್ಯಾ. ಮಾತೆಲ್ಲ ಅದರ ತಾವೇ ಆಡ್ಕೊ. ನೋವು ನಲಿವು ಅದಕ್ಕೇ ಯೋಳ್ಕೊ. ನಾನೇನೂ ಕೇಳಾಕಿಲ್ಲ. ಆ ಕರ್ಯಾದೊಂದು ಮಾತ್ರ ನಂದು. ಅದನ್ನ ನಂಗೆ ಕೊಟ್ಬುಡು.”

“ಬೆಳಗ್ಗೆ ನೀನು ಊವು ಕೀಳಾಕೆ ಓಗಿರ್ತೀಯ,” ಎಂದ ಪಿಳ್ಳಪ್ಪ ತಟ್ಟೆ ನೋಡುತ್ತ. “ಬಟ್ಲಲ್ಲಿ ಆಲಿಟ್ಟು ಅದನ್ನ ಕರ್ದಾಗ ಬಾಯಿಗೆ ಅದೇ ಬಂತು. ಬೇರೆ ಎಣ್ಣಿನ ಎಸ್ರು ನನ್ ಬಾಯಿಗೆ ಬರಾಕಿಲ್ಲ ಕಣೇ.”

ಅವನು ಅವಳ ಹತ್ತಿರ ಒಂದೇ ಸಲಕ್ಕೆ ಅಷ್ಟು ಮಾತು ಆಡಿದ್ದು ಅದೇ ಮೊದಲು. ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

ಸಂಜೆ ಪಾರ್ಕಿಂಗ್‌ನಿಂದ ಇವ್ಳೇ ಎಂಬ ಕೂಗು ಕೇಳಿತು. ಯಾರನ್ನು ಕರೆದನೋ ಅವನಿಗೇ ಗೊತ್ತು. ಕಾರಿನಡಿ ಮಲಗಿದ್ದ ಬೆಕ್ಕು ಎದ್ದು ಮೈ ಮುರಿಯಿತು. ಮುನಿವೆಂಕಟಮ್ಮ ಒಲೆ ಆರಿಸುವುದನ್ನೂ ಮರೆತು, ಸೀರೆ ಎತ್ತಿ ಹಿಡಿದು ಮೆಟ್ಟಿಲಿಳಿದು ಓಡಿ, ಅದಕ್ಕಿಂತ ಮೊದಲು ಕುರ್ಚಿ ಮುಟ್ಟಿದಳು.

“ಏನು?” ಎಂದಳು ಏದುಸಿರು ಬಿಡುತ್ತ.

“ಏನಿಲ್ಲ. ಕೂತ್ಕೊ,” ಎಂದ ಪಿಳ್ಳಪ್ಪ.

ಅವಳು ಪಕ್ಕದ ಕಟ್ಟೆಯ ಮೇಲೆ ಕೂತಳು. ಬೆಕ್ಕು ಅವನ ತೊಡೆ ಏರಲು ಬಂದಾಗ ಕಾಲು ಅಡ್ಡ ಇಟ್ಟಳು.