ಅಂಟಿಗೆ ತಾಗಿದ ಎಂಜಲು

ನನಗೆ ನಾಲಿಗೆಯನ್ನು ಸುಮ್ಮನಿಡಲು ಬರುವುದಿಲ್ಲ. ಈ ಮಾತನ್ನು ನನ್ನ ಗಂಡ ಮದುವೆಯಾದಾಗಿನಿಂದ ಹೇಳುತ್ತಲೇ ಇದ್ದಾರೆ, ನಾನು ಒಪ್ಪಿರಲಿಲ್ಲ. ಕೊನೆಗೆ ಲಿಂಗಸುಗೂರಿನ ಒಂದು ಹಲ್ಲಿನ ದವಾಖಾನೆಯಲ್ಲಿ, ಕುರ್ಚಿಯ ಮೇಲೆ ಅಂಗಾತ ಮಲಗಿಕೊಂಡು ಒಪ್ಪಬೇಕಾಯಿತು.

ಹಲ್ಲು ಮುರಿದದ್ದು ನನ್ನ ಕೈಯಾರೆ, ಅಲ್ಲ, ಬಾಯಾರೆ. ಮಸ್ಕಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು ನಾನು. ಒಂದು ಮಧ್ಯಾಹ್ನ ಉತ್ತರಪತ್ರಿಕೆ ತಿದ್ದಲು ಕುಳಿತೆ. ಕೆಂಪು ಪೆನ್ನಿನ ಮುಚ್ಚಳ ಬಿಗಿಯಾಗಿತ್ತು, ಹಲ್ಲಿನಿಂದ ಕಚ್ಚಿ ಎಳೆದೆ. ಮುಚ್ಚಳ ಬಂತು, ಅದರ ಜೊತೆಗೆ ಮುಂದಿನ ಹಲ್ಲಿನ ಅರ್ಧ ಭಾಗವೂ ಬಂತು. ಪೆನ್ನು ಬಾಯಲ್ಲಿಡಬೇಡಿ ಎಂದು ಮಕ್ಕಳಿಗೆ ದಿನಕ್ಕೆ ಹತ್ತು ಸಲ ಹೇಳುವವಳು ಆ ತುಂಡನ್ನು ಅಂಗೈಯಲ್ಲಿ ಹಿಡಿದು ಅತ್ತಿತ್ತ ನೋಡಿದೆ. ಪುಣ್ಯಕ್ಕೆ ಯಾರೂ ಇರಲಿಲ್ಲ.

ತ, ಥ, ದ, ಧ, ನ ಇವು ದಂತ್ಯಗಳು, ನಾಲಿಗೆ ಹಲ್ಲಿಗೆ ತಾಗಿದರೇ ಹುಟ್ಟುವ ಅಕ್ಷರಗಳು ಎಂದು ಇಷ್ಟು ವರ್ಷ ನನ್ನದೇ ಬಾಯಿ ತೋರಿಸಿ ಪಾಠ ಮಾಡಿದ್ದೇನೆ. ವ್ಯಾಕರಣ ಎಷ್ಟು ನಿಜವೆಂದು ಮರುದಿನ ಹಾಜರಿ ಕರೆಯುವಾಗ ಗೊತ್ತಾಯಿತು. ‘ಸರಸ್ವತಿ’ ಎಂದೆ, ಪಂಕ್ಚರ್ ಆದ ಟ್ಯೂಬಿನಿಂದ ಗಾಳಿ ಹೋದಂತೆ ಕೇಳಿಸಿತು. ಮೊದಲು ನಕ್ಕವಳು ಸರಸ್ವತಿಯೇ. ನಗಲಿ ಬಿಡಿ, ಆದರೆ ಆ ತಿಂಗಳ ಕೊನೆಗೆ ಸಿಂಧನೂರಿನಲ್ಲಿ ಕನ್ನಡ ಶಿಕ್ಷಕರ ತರಬೇತಿಯಿತ್ತು. ನನಗೆ ಕೊಟ್ಟ ವಿಷಯ ‘ಶುದ್ಧ ಉಚ್ಚಾರಣೆ’.

ಆಗ ನೆನಪಾದವಳು ಸವಿತಾ. ಗುರುಗುಂಟಾದ ಹುಡುಗಿ, ಮಸ್ಕಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ನನ್ನ ಹತ್ತಿರ ಓದಿದವಳು. ಹಲ್ಲಿನ ಡಾಕ್ಟರಾಗಿ ಲಿಂಗಸುಗೂರಿನಲ್ಲಿ ದವಾಖಾನೆ ತೆರೆದು ಇನ್ನೂ ಆರು ತಿಂಗಳಾಗಿರಲಿಲ್ಲ. ಬಸ್ಸು ಹತ್ತಿದೆ.

ಅವಳು ನನ್ನನ್ನು ಕಂಡು ಎದ್ದು ನಿಂತಳು. ಕುರ್ಚಿಯಲ್ಲಿ ಮಲಗಿಸಿದ ಮೇಲೆ, ಬಾಯಿಗೆ ರಬ್ಬರಿನ ತೆಳು ಹಾಳೆ ಕಟ್ಟುತ್ತೇನೆ, ಹಲ್ಲು ಮಾತ್ರ ಹೊರಗಿರುತ್ತದೆ ಎಂದಳು. ನನಗೆ ಉಸಿರು ಕಟ್ಟುತ್ತದೆ, ಬೇಡ ಎಂದೆ. ಟೀಚರ್ ಮಾತು ಮೀರುವುದು ಹೇಗೆ? ಅವಳು ಹತ್ತಿಯ ಉರುಳೆಗಳನ್ನಿಟ್ಟು, ನೀರು ಹೀರುವ ನಳಿಕೆ ಸಿಕ್ಕಿಸಿ ಕೆಲಸ ಶುರು ಮಾಡಿದಳು. ಹಲ್ಲಿಗೆ ನೀಲಿ ಬಣ್ಣದ ಜೆಲ್ ಹಚ್ಚಿ, ತೊಳೆದು, ಗಾಳಿ ಊದಿ, ಕನ್ನಡಿ ಹಿಡಿದಳು.

“ಸುಣ್ಣ ಬಳದಂಗ ಬೆಳ್ಳಗಾತು ನೋಡ್ರಿ ಮೇಡಂ. ಈಗ ಹಲ್ಲಿನ ಮ್ಯಾಲ ಕಣ್ಣಿಗೆ ಕಾಣದಂಥ ಸಣ್ಣ ಸಣ್ಣ ತೂತು ಬಿದ್ದಾವ. ನಾ ಹಚ್ಚೋ ಅಂಟು ಅದರಾಗ ಇಳದು ಗಟ್ಟಿ ಆಗ್ತೈತಿ. ಈಗ ಮಾತ್ರ ಬಾಯಿ ಮುಚ್ಚಬ್ಯಾಡ್ರಿ, ನಾಲಿಗಿ ತಾಗಿಸಬ್ಯಾಡ್ರಿ. ಉಗುಳು ಹತ್ತಿದ್ರ ತೂತೆಲ್ಲ ಮುಚ್ಚಿ ಹೋಗ್ತಾವ.”

ಇಷ್ಟು ಹೇಳಿ ಅಂಟಿನ ಶೀಸೆ ತರಲು ಆ ಕಡೆ ತಿರುಗಿದಳು. ಏನು ಹೇಳಲಿ! ತಾಗಿಸಬೇಡ ಎಂದ ಕೂಡಲೇ ನನ್ನ ನಾಲಿಗೆ ಹೋಗಿ ಆ ಹಲ್ಲನ್ನು ಪೂರ್ತಿ ಸವರಿ, ಬಣ್ಣದಷ್ಟೇ ರುಚಿಯೂ ಸುಣ್ಣದಂತಿದೆಯೇ ಎಂದು ವಿಚಾರಿಸಿಕೊಂಡು ಬಂತು. ಸವಿತಾ ಈ ಕಡೆ ತಿರುಗಿದಳು.

“ನಾಲಿಗಿ ತಾಗಿತೇನ್ರಿ ಮೇಡಂ? ತಾಗಿದ್ರ ಹೇಳ್ರಿ, ಇನ್ನೊಮ್ಮೆ ತೊಳದು ಮಾಡ್ತೀನಿ.”

ನಾನು ಇಲ್ಲವೆಂದು ತಲೆಯಾಡಿಸಿದೆ. ಯಾಕೆ ಹಾಗೆ ಮಾಡಿದೆನೋ! ಹೇಳಿದ್ದರೆ ಐದು ನಿಮಿಷದ ಕೆಲಸ. ಆದರೆ ಕೇಳುತ್ತಿದ್ದವಳು ನನ್ನ ವಿದ್ಯಾರ್ಥಿನಿ. ‘ಹೇಳಿದ ಮಾತು ಒಂದು ನಿಮಿಷವೂ ತಲೆಯಲ್ಲಿ ನಿಲ್ಲುವುದಿಲ್ಲವೇ’ ಎಂದು ಅವಳನ್ನು ಕೇಳಿದ ಬಾಯಿ ಅದು. ಅವಳು ನಂಬಿದಳು. ಮತ್ತೊಂದಿಷ್ಟು ಗಾಳಿ ಊದಿ, ಅಂಟು ಹಚ್ಚಿ, ನೀಲಿ ಬೆಳಕು ಹಿಡಿದು, ಹಲ್ಲಿನ ಬಣ್ಣದ ಮಸಾಲೆಯನ್ನು ಪದರ ಪದರವಾಗಿ ಕೂರಿಸಿದಳು. ನನ್ನ ಹಳೆಯ ಹಲ್ಲಿಗಿಂತ ಚೆಂದ ಕಂಡಿತು.

ನಮ್ಮ ಭಾಷೆಯಲ್ಲಿ ಬಾಯಿಯ ನೀರಿಗೆ ಎಷ್ಟೊಂದು ಹೆಸರು! ಕೂಸಿನ ಗದ್ದದ ಮೇಲಿದ್ದರೆ ಜೊಲ್ಲು, ಅದನ್ನು ಮುತ್ತಿಟ್ಟು ಒರೆಸುತ್ತೇವೆ. ರಸ್ತೆಯ ಮೇಲೆ ಬಿದ್ದರೆ ಉಗುಳು, ಮೂಗು ಮುಚ್ಚುತ್ತೇವೆ. ತಟ್ಟೆಗೆ ತಾಗಿದರೆ ಎಂಜಲು, ಪಾಠದ ಪುಸ್ತಕಕ್ಕೆ ಬಂದರೆ ಲಾಲಾರಸ. ಇದೇ ಎಂಜಲು ಹಚ್ಚಿ ನಾನು ಲಕೋಟೆ ಅಂಟಿಸಿದ್ದೇನೆ, ಸೂಜಿಗೆ ದಾರ ಪೋಣಿಸಿದ್ದೇನೆ, ಪತ್ರಿಕೆಗಳ ಪುಟ ತಿರುವಿದ್ದೇನೆ. ಅಂಟಿಸುವ ಗುಣವೇ ಇದ್ದ ವಸ್ತು ಒಂದೇ ಒಂದು ಕಡೆ ಅಂಟು ಬಿಡಿಸುತ್ತದೆ ಎಂದರೆ ನಂಬುವುದು ಕಷ್ಟ. ನಾನು ನಂಬಿರಲಿಲ್ಲ ಎಂಬುದೂ ನಿಜ. ಇಷ್ಟು ನೀರಿನಿಂದ ಏನಾದೀತು ಅಂದುಕೊಂಡಿದ್ದೆ.

ಹನ್ನೊಂದನೆಯ ದಿನ ಹಲ್ಲು ಬಿತ್ತು. ಕಡಕ್ ರೊಟ್ಟಿಗೆ ಬಿದ್ದಿದ್ದರೆ ಮರ್ಯಾದೆ ಉಳಿಯುತ್ತಿತ್ತು, ಬಿದ್ದದ್ದು ಮೊಸರನ್ನಕ್ಕೆ. ಅದೂ ಸ್ಟಾಫ್ ರೂಮಿನಲ್ಲಿ, ಎಲ್ಲರೂ ಬುತ್ತಿ ಬಿಚ್ಚಿ ಕುಳಿತಾಗ.

“ಅಯ್ಯ, ಎಲ್ಲಿ ಹಾಕ್ಸಿದ್ರಿ?” ಎಂದು ಗಣಿತದ ಶಾಂತಮ್ಮ ಕೇಳಿದರು.

ನಾನು ಹೆಸರು ಹೇಳಿದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. “ಇನ್ನೂ ಸಣ್ಣ ಹುಡುಗಿ, ಕೈ ಪಳಗಿಲ್ಲ” ಎಂದೂ ಸೇರಿಸಿದೆ. ಹಲ್ಲಿಲ್ಲದ ಬಾಯಿಯಿಂದ ಬಂದರೂ ಆ ಮಾತು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು. ಶಾಂತಮ್ಮ ತಮ್ಮ ಅತ್ತೆಯನ್ನು ಆ ಶನಿವಾರ ಅಲ್ಲಿಗೆ ಕರೆದೊಯ್ಯುವವರಿದ್ದರು. ಅಲ್ಲೇ ದವಾಖಾನೆಗೆ ಫೋನ್ ಮಾಡಿ, ನನ್ನ ಹಲ್ಲು ಬಿದ್ದದ್ದನ್ನೂ ಹೇಳಿ, ಬರುವುದಿಲ್ಲವೆಂದು ತಿಳಿಸಿಬಿಟ್ಟರು. ಇನ್ನಿಬ್ಬರು ತಮ್ಮ ಮನೆಯವರಿಗೂ ಅಲ್ಲಿಗೆ ಹೋಗಬೇಡಿ ಎಂದು ಹೇಳಿದರು. ನಾನು ಬುತ್ತಿಯ ಮುಚ್ಚಳ ಹಾಕಿದೆ.

ಶನಿವಾರ ನಾನೇ ಹೋದೆ. ದವಾಖಾನೆಯಲ್ಲಿ ಯಾರೂ ಇರಲಿಲ್ಲ. ಸವಿತಾ ನನ್ನ ಹಲ್ಲನ್ನು ಬಹಳ ಹೊತ್ತು ನೋಡಿದಳು. ಬಿದ್ದ ತುಂಡನ್ನು ಕೇಳಿ ಪಡೆದು ಅದನ್ನೂ ದೀಪಕ್ಕೆ ಹಿಡಿದು ನೋಡಿದಳು. ಅವಳ ಮುಖ ಸಣ್ಣದಾಗಿತ್ತು.

“ನಂದ ತಪ್ಪಾಗೇತಿ ಮೇಡಂ. ಅಂಟು ಒಂಚೂರೂ ಹಿಡದಿಲ್ಲ. ಶೀಸೆ ಕೆಟ್ಟೈತಿ ಅನ್ಕೊಂಡು ನಿನ್ನೆ ಅದನ್ನ ಚೆಲ್ಲಿದೆ. ಆದ್ರ ಅದ ಶೀಸೇದಾಗಿನ ಅಂಟು ಹಚ್ಚಿದ ಬ್ಯಾರೇದೋರ ಹಲ್ಲು ಎಲ್ಲಾ ಗಟ್ಟಿ ಅದಾವ. ರಾತ್ರಿಯೆಲ್ಲಾ ಯೋಚನಿ ಮಾಡೀನಿ, ಎಲ್ಲಿ ತಪ್ಪಿದೆ ಅಂತ ತಿಳೀವಲ್ದು. ನಮ್ಮಪ್ಪ ಅಂತಾನ, ಇನ್ನೊಂದೆರಡು ವರ್ಷ ದೊಡ್ಡ ಡಾಕ್ಟರ್ ಕಡೆ ಕೆಲಸ ಮಾಡು, ಇದನ್ನ ಮುಚ್ಚು ಅಂತ.”

ಚೆಲ್ಲಿದ ಶೀಸೆ ಅಲ್ಲೇ ಬುಟ್ಟಿಯಲ್ಲಿ ಬಿದ್ದಿತ್ತು. ನನಗೆ ಕುರ್ಚಿಯಿಂದ ಎದ್ದು ಓಡಿಹೋಗಬೇಕೆನ್ನಿಸಿತು. ಓಡಲಿಲ್ಲ.

“ಸವಿತಾ, ಶೀಸೆ ಕೆಟ್ಟಿರಲಿಲ್ಲವ್ವ. ನಾ ನಾಲಿಗಿ ತಾಗಿಸಿದ್ದೆ. ನೀ ಕೇಳಿದಿ, ನಾ ಸುಳ್ಳು ಹೇಳಿದೆ.”

ಬೈಯುತ್ತಾಳೆ ಎಂದುಕೊಂಡೆ. ಅವಳು ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕುಳಿತು ದೊಡ್ಡದಾಗಿ ಉಸಿರು ಬಿಟ್ಟಳು.

“ಹಂಗಾದ್ರ ನನಗ ಕೆಲಸ ಬರ್ತೈತಿ!”

ಆ ಸಂತೋಷವನ್ನು ನೋಡಿ ನನಗೆ ಇನ್ನಷ್ಟು ನಾಚಿಕೆಯಾಯಿತು. ಅಲ್ಲೇ ಮಲಗಿಕೊಂಡೇ ಶಾಂತಮ್ಮನಿಗೆ ಫೋನ್ ಮಾಡಿ, ಸಿಳ್ಳೆ ಹೊಡೆಯುವ ಬಾಯಿಯಿಂದ ಎಲ್ಲವನ್ನೂ ಹೇಳಿದೆ. ಅವರಿಗೆ ಅರ್ಧ ತಿಳಿಯಲಿಲ್ಲ, ಎರಡು ಸಲ ಹೇಳಬೇಕಾಯಿತು. ತಪ್ಪೊಪ್ಪಿಗೆಯನ್ನು ಒಂದೇ ಸಲ ಹೇಳುವುದು ಎಷ್ಟೋ ಸುಲಭ. “ನೀವೂ ಭಾಳ ಅದೀರಿ ಬಿಡ್ರಿ” ಎಂದರು ಶಾಂತಮ್ಮ, “ಸಂಜಿಗೆ ಅತ್ತಿನ್ನ ಕರ್ಕೊಂಡು ಬರ್ತೀನಂತ ಹೇಳ್ರಿ.”

ಈ ಸಲ ರಬ್ಬರ್ ಹಾಳೆಗೆ ನಾನೇ ಬಾಯಿ ಒಡ್ಡಿದೆ. ಉಸಿರೇನೂ ಕಟ್ಟಲಿಲ್ಲ, ಮೂಗು ಹೊರಗೇ ಇರುತ್ತದೆ. ಕಟ್ಟಿದ್ದು ಮಾತು ಮಾತ್ರ. ಮುಕ್ಕಾಲು ಗಂಟೆ ನಾನು ಸುಮ್ಮನಿದ್ದೆ, ಸವಿತಾ ಮಾತಾಡಿದಳು. ತರಗತಿಯಲ್ಲಿ ಅವಳು ಇಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಕಾಣುವುದು ಹೇಗೆ, ಅಲ್ಲಿ ಮಾತಾಡುತ್ತಿದ್ದವಳು ನಾನೇ.

“ಮೇಡಂ, ನಾನೂ ಒಂದು ಹೇಳ್ಲೇನು? ಒಂಬತ್ತನೇ ಕ್ಲಾಸಿನಾಗ ಮಳಿ ಮ್ಯಾಲ ಪ್ರಬಂಧ ಬರದಿದ್ನೆಲ್ಲ, ಅದು ನಂದಲ್ರಿ. ಗೈಡಿನಾಗಿಂದು. ನೀವು ಕೇಳಿದ್ರಿ, ನೀನಽ ಬರದಿ ಏನು ಅಂತ. ನಾ ಹೂಂ ಅಂದೆ. ನೀವು ನಂಬಿ ಎಲ್ಲಾರ ಮುಂದ ನಿಂದರ್ಸಿ ಓದಿಸಿದ್ರಿ. ಅವತ್ತಿಂದ ಒಂದು ಪ್ರಬಂಧನೂ ನೋಡಿ ಬರೀಲಿಲ್ಲರೀ. ನೀವು ನಂಬಿದ್ದು ಅಷ್ಟು ಚುಚ್ಚಿತ್ತು.”

ನನ್ನ ಗಂಟಲಿನಿಂದ ‘ಊಂ ಊಂ’ ಎಂಬ ಸದ್ದು ಹೊರಟಿತು. ಅವಳು ಬೆಳಕಿನ ಯಂತ್ರ ಹಿಡಿದಿದ್ದ ಕೈಯನ್ನು ಅಲುಗಿಸದೆ, “ತಡೀರಿ, ಆಮ್ಯಾಲ ಹೇಳ್ರಂತ” ಎಂದಳು.

ಆ ಹಲ್ಲು ಇನ್ನೂ ಗಟ್ಟಿಯಾಗಿದೆ. ಸಿಂಧನೂರಿನಲ್ಲಿ ಎರಡು ಗಂಟೆ ದಂತ್ಯಗಳ ಬಗ್ಗೆ ಮಾತಾಡಿದೆ, ಒಂದು ಸಿಳ್ಳೆಯೂ ಬರಲಿಲ್ಲ. ಉದಾಹರಣೆಗೆಂದು ಈ ಕಥೆಯನ್ನು ನನ್ನ ಸುಳ್ಳಿನ ಸಮೇತ ಹೇಳಿದಾಗ ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಊಟದ ಹೊತ್ತಿನಲ್ಲಿ ತುರ್ವಿಹಾಳದ ಮೇಷ್ಟ್ರೊಬ್ಬರು ಬಂದು ಸವಿತಾಳ ಫೋನ್ ನಂಬರ್ ಬರೆದುಕೊಂಡರು.

ಆದರೆ ಆ ದಿನ ರಬ್ಬರ್ ಹಾಳೆಯ ಹಿಂದೆ ನಾನು ಹೇಳಲು ಹೊರಟದ್ದನ್ನು ಸಭೆಯಲ್ಲಿ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಆ ಗೈಡು ನನ್ನ ಕಪಾಟಿನಲ್ಲೂ ಇತ್ತು. ಆ ಪ್ರಬಂಧದ ಮೊದಲ ಸಾಲು ಓದುವಾಗಲೇ ನನಗೆ ಗೊತ್ತಾಗಿತ್ತು. ಹುಡುಗಿಯನ್ನು ಬೈದರೆ ಅಳುತ್ತಾಳೆ, ಓದಿಸಿದರೆ ತಾನೇ ತಿಳಿಯುತ್ತಾಳೆ ಎಂದು ಎಲ್ಲರ ಮುಂದೆ ನಿಲ್ಲಿಸಿ ಓದಿಸಿದ್ದೆ. ‘ನನಗ ಅವತ್ತೇ ಗೊತ್ತಿತ್ತಲೇ ಹುಡುಗಿ’ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕುಣಿಯುತ್ತಿತ್ತು. ಹಾಳೆ ಇರದಿದ್ದರೆ ಖಂಡಿತ ಹೇಳಿಬಿಡುತ್ತಿದ್ದೆ.

ಅವಳು ಹಾಳೆ ಬಿಚ್ಚಿ, ಬಾಯಿ ಮುಕ್ಕಳಿಸಲು ನೀರು ಕೊಟ್ಟು, ಕೈಗವಸು ತೆಗೆಯುತ್ತಾ ಕೇಳಿದಳು, “ಏನೋ ಹೇಳಾಕತ್ತಿದ್ರೆಲ್ಲ ಮೇಡಂ?”

ಅವಳ ಮುಖ ಹಗುರಾಗಿತ್ತು. ಇಷ್ಟು ವರ್ಷ ಅವಳನ್ನು ನೆಟ್ಟಗೆ ನಡೆಸಿದ್ದು ನಾನು ನಂಬಿದ್ದೆ ಎಂಬ ನಂಬಿಕೆ.

“ಏನಿಲ್ಲವ್ವ,” ಎಂದೆ. “ಅಷ್ಟು ಛಲೋ ಪ್ರಬಂಧ ನೀನಽ ಬರದಿ ಅಂತ ನಾ ನಂಬೇಬಿಟ್ಟಿದ್ದೆ ನೋಡು.”