ಹೋಗುವಾಗ ಮೂರು ಕವಳ, ಬರುವಾಗ ಮೂರೂವರೆ

ನಾನು ವಿಮಾನದ ವೇಳಾಪಟ್ಟಿ ನೋಡಿದ್ದು ಆಯಿ ಹೊರಡುತ್ತೇನೆ ಎನ್ನುವ ಮೊದಲೋ ಎಂದ ಮೇಲೋ, ಖಚಿತವಿಲ್ಲ. ಮೊದಲೇ ಎನ್ನುತ್ತದೆ ನೆನಪು. ಅದು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುವುದರಿಂದ ನಾನು ಅದನ್ನು ನಂಬುವುದಿಲ್ಲ.

ಅಕ್ಕನ ಬಾಣಂತನಕ್ಕೆ ಆಯಿ, ಅಂದರೆ ನನ್ನ ಅಮ್ಮ, ಗುವಾಹಟಿಗೆ ಹೋಗಬೇಕಿತ್ತು. ಕರೆದೊಯ್ಯುವವನು ನಾನು. ಆಯಿಗೆ ಸೊಂಟನೋವು, ಯಲ್ಲಾಪುರದ ನಮ್ಮ ಮನೆಯಿಂದ ಶಿರಸಿಗೆ ಹೊರಟರೂ ಅರ್ಧ ದಾರಿ ಬಸ್ಸಿನ ಕಂಬ ಹಿಡಿದು ನಿಂತಿರುತ್ತಾಳೆ. ಬೆಂಗಳೂರಿನಿಂದ ಗುವಾಹಟಿಯವರೆಗೆ ಕೂರಲಾದೀತೇ? ಆ ದಾರಿಯಲ್ಲಿ ಹಾರಿ ಬಂದವನು ನೆಂಟರಲ್ಲಿ ಒಬ್ಬನೇ, ಸಿದ್ದಾಪುರದ ಕಡೆಯ ಮಾವ, ಆಯಿಯ ಅಣ್ಣ; ಅದೂ ಹಿಂದಿನ ಚಳಿಗಾಲದಲ್ಲಿ. ಅವನನ್ನು ಕರೆಸಿದೆವು.

"ಹೋಪಕಾದ್ರೆ ಮೂರು ಕವಳ, ಬಪ್ಪಕಾದ್ರೆ ಮೂರೂವರೆ," ಎಂದ ಮಾವ. ಒಂದು ಸಲ ಎಲೆಯಡಿಕೆ ಹಾಕಿದವನಿಗೆ ಮತ್ತೆ ಹಾಕಬೇಕೆನಿಸುವವರೆಗಿನ ಹೊತ್ತು ಒಂದು ಕವಳ. ಅವನು ದಾರಿ ಅಳೆಯುವುದೇ ಹಾಗೆ.

ಅಪ್ಪ ನಕ್ಕ. "ಭಾವ, ಆಕಾಶದಲ್ಲೂ ಘಟ್ಟ ಇದ್ದ? ಹೋಪಕಾದ್ರೆ ಇಳಿಜಾರು, ಬಪ್ಪಕಾದ್ರೆ ಏರು?"

"ಘಟ್ಟ ಯಂಗೆ ಗೊತ್ತಿಲ್ಲೆ ಮಾರಾಯ. ಕೂತ ಕುಂಡಿಗೆ ಗೊತ್ತಿದ್ದು."

"ಮಾವ, ವಿಮಾನದಲ್ಲಿ ಉಗಿದಿದ್ದು ಎಲ್ಲಿ?" ಎಂದೆ ನಾನು.

"ಹಾಕಿದ್ರೆ ಅಲ್ದನ ಉಗಿಯದು! ಬಾಯಿ ಎಷ್ಟು ಸಲ ಕೇಳ್ತು ಹೇಳಿ ಲೆಕ್ಕ ಇಟ್ಟಿದ್ದಿ." ಎಲೆಯಡಿಕೆ ಹಾಕದೆ, ಆಸೆಯಾದದ್ದನ್ನಷ್ಟೇ ಅವನು ಎಣಿಸಿದ್ದ.

ಆಯಿಗೆ ಬೇಕಿದ್ದುದು ಬೇರೆ. "ಅಣ್ಣ, ಮಧ್ಯ ಎದ್ದು ನಿಂತ್ಕಂಬಲೆ ಬಿಡ್ತ್ವ?"

"ಬಿಡ್ತ. ಆನೂ ಹಿಂದೆ ಹೋಗಿ ನಿಂತಿದ್ದಿ." ತಾನೂ ವಿಮಾನದ ಹಿಂಬದಿಗೆ ಹೋಗಿ ನಿಂತಿದ್ದನಂತೆ.

"ಒಂದು ಸುಳ್ಳಾದ್ರೆ ಎಲ್ಲ ಸುಳ್ಳು," ಎಂದ ಅಪ್ಪ. "ಇಂವ ರೈಲಲ್ಲಿ ಹೋಗಿ ಬಂದ ಕಾಣ್ತು."

ಆಯಿಯ ಮುಖ ಇಳಿಯಿತು. ನಿಲ್ಲಲು ಬಿಡುತ್ತಾರೆ ಎಂಬ ಒಂದೇ ಮಾತನ್ನು ನಂಬಿ ಅವಳು ಹೊರಡಬೇಕಿತ್ತು. ನಾನು ಮೊಬೈಲಿನಲ್ಲಿ ಹುಡುಕಿದೆ. ಎರಡು ನಿಲ್ದಾಣಗಳ ನಡುವೆ ಎರಡು ಸಾವಿರ ಕಿಲೋಮೀಟರಿನ ಆಚೀಚೆ, ಹೋಗಲೂ ಬರಲೂ ಒಂದೇ ಹೊತ್ತು ಎಂದಿತ್ತು. "ನೋಡು, ಮೊಬೈಲೇ ಹೇಳ್ತು," ಎಂದ ಅಪ್ಪ. ಮಾವ ಚಹಾ ಬಿಟ್ಟು ಎದ್ದು ಹೋದ.

ನನಗೆ ಮಾವನ ಮೇಲೆ ಅನುಮಾನವಿತ್ತು. ಎರಡು ತಿಂಗಳು ತಾನೇ ಅನ್ನ ಬೇಯಿಸಿಕೊಳ್ಳಬೇಕಾದ ಅಪ್ಪನ ಮೇಲೆ ಇನ್ನೂ ಹೆಚ್ಚು. ಕೊನೆಗೆ ಮೊಬೈಲಿನ ಮೇಲೂ ಬಂತು: ಇಷ್ಟು ಸರಿಸಮ ಉತ್ತರ ಹೇಗೆ? ಕೆದಕಿದರೆ, ಆ ಪುಟ ವಿಮಾನವನ್ನೇ ನೋಡಿರಲಿಲ್ಲ. ದೂರವನ್ನು ಒಂದು ನಿಗದಿತ ವೇಗದಿಂದ ಭಾಗಿಸಿ ಇಟ್ಟಿತ್ತು, ಅಷ್ಟೆ. ವಿಮಾನದ ವೇಳಾಪಟ್ಟಿ ತೆಗೆದರೆ ಬರುವಾಗಲೇ ಹೊತ್ತು ಹೆಚ್ಚಿತ್ತು.

ಇದನ್ನು ಆಯಿಗೆ ಹೇಳಿದ ಮೇಲೆ ಅವಳು ಚೀಲ ತುಂಬಿದಳು ಎಂದು ನನ್ನ ನೆನಪು. "ನೀ ಹೇಳಕ್ಕಿಂತ ಮೊದಲೇ ಆನು ತುಂಬಿದ್ದಿ. ಅಣ್ಣ ಯಂಗೆ ಎಂತಕ್ಕೆ ಸುಳ್ಳು ಹೇಳ್ತ?" ಎನ್ನುತ್ತಾಳೆ ಆಯಿ. ಅವಳು ಹೋದಳು, ವಿಮಾನದ ಹಿಂಬದಿಯಲ್ಲಿ ನಿಂತಳು, ಮೊಮ್ಮಗಳಿಗೆ ಎಣ್ಣೆ ಹಚ್ಚಿ ಮೀಯಿಸಿ ಬಂದಳು.

ಯಾರು ಯಾವಾಗ ಏನೆಂದರೋ ಬಿಡಿ. ಒಂದನ್ನು ಮಾತ್ರ ಆಮೇಲೆ ಹಲವು ವಿಮಾನಗಳ ವೇಳೆ ಹೋಲಿಸಿ ಖಚಿತಪಡಿಸಿಕೊಂಡಿದ್ದೇನೆ: ಚಳಿಗಾಲದಲ್ಲಿ ಅಷ್ಟು ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಜೋರಾಗಿ ಬೀಸುತ್ತದೆ, ಗುವಾಹಟಿಯಿಂದ ಬೆಂಗಳೂರಿಗೆ ಬರುವ ವಿಮಾನ ಅದಕ್ಕೆ ಎದುರಾಗಿ ಹಾರಬೇಕು, ಹೋಗುವಾಗಿನದಕ್ಕಿಂತ ಬರುವಾಗ ಹೊತ್ತು ಹೆಚ್ಚು ಹಿಡಿಯುತ್ತದೆ.